ಬಾಡಿಗೆಯ ಗಂಟೆ, ಎರವಲು ಕ್ಯಾಸೆಟ್ಟು: ಆರ್.ಟಿ. ನಗರದ ಮಕ್ಕಳ ವಿಡಿಯೊ ಗೇಮ್ ಕಾಲ

ಇತಿಹಾಸವೆಂದರೆ ರಾಜರ ವಂಶಾವಳಿ, ಯುದ್ಧಗಳ ಇಸವಿ ಎಂದೇ ನಾವು ಬಹುಕಾಲ ಪಾಠ ಮಾಡಿದೆವು. ಜನರು ಬಿಡುವಿನ ವೇಳೆಯನ್ನು ಹೇಗೆ ಕಳೆದರು, ಮಕ್ಕಳು ಏನನ್ನು ಆಡಿದರು ಎಂಬುದೂ ಇತಿಹಾಸವೇ ಆಗಿದೆ. ಅಳಿಗುಳಿಮಣೆ, ಚೌಕಾಬಾರ, ಪಗಡೆಗಳ ಬಗ್ಗೆ ಜಾನಪದ ವಿದ್ವಾಂಸರು ಬರೆದಿದ್ದಾರೆ. ಆದರೆ 1990ರಿಂದ ಈಚೆಗೆ ನಮ್ಮ ಬಡಾವಣೆಗಳ ಮಕ್ಕಳು ಟಿ.ವಿ.ಯ ಮುಂದೆ ಕುಳಿತು ಆಡಿದ ಆಟಗಳು, ನೋಡಿದ ಜಪಾನಿ ಕಾರ್ಟೂನುಗಳು ಅಂತಹ ಗೌರವವನ್ನು ಪಡೆಯಲಿಲ್ಲ. ಹಿರಿಯರ ಕಣ್ಣಿಗೆ ಅವು ಕಾಲಹರಣ. ಪೊಲೀಸರ ಕಣ್ಣಿಗೆ ನಕಲಿ ಸಿ.ಡಿ.ಯ ವ್ಯಾಪಾರ. ಅಂದು ಆ ಆಟಗಳನ್ನು ಆಡಿದವರಲ್ಲಿ ಅನೇಕರು ಈ ಪುಟವನ್ನು ಓದುವ ನನ್ನ ಹಳೆಯ ವಿದ್ಯಾರ್ಥಿಗಳೇ ಆಗಿದ್ದೀರಿ. ಕೈಯಲ್ಲಿ ಕಾಸು ಕಡಿಮೆ ಇದ್ದವರು ಈ ಹವ್ಯಾಸವನ್ನು ಹೇಗೆ ಸಾಕಿದರು ಎಂಬುದನ್ನು, ನೆನಪು ಮಾಸುವ ಮುನ್ನ, ಇಸವಿಗಳ ಸಹಿತ ಬರೆದಿಡುವುದು ಈ ಲೇಖನದ ಉದ್ದೇಶ.

ಮೊದಲು ಸ್ಥಳದ ವಿಚಾರ. ಮೇಖ್ರಿ ವೃತ್ತದಿಂದ ಉತ್ತರಕ್ಕೆ, ಹೆಬ್ಬಾಳಕ್ಕಿಂತ ಈಚೆಗೆ, ಗಂಗಾನಗರ, ದಿಣ್ಣೂರು, ಸುಲ್ತಾನ್‌ಪಾಳ್ಯಗಳ ನಡುವೆ ಬೆಳೆದ ಬಡಾವಣೆ ನಮ್ಮದು. ರವೀಂದ್ರನಾಥ ಟ್ಯಾಗೋರರ ಹೆಸರನ್ನು ಹೊತ್ತಿದ್ದರೂ ಬಾಯಿಮಾತಿನಲ್ಲಿ ಅದು ಎಂದೆಂದಿಗೂ ‘ಆರ್.ಟಿ. ನಗರ’. ಸರ್ಕಾರಿ ನೌಕರರು, ಬ್ಯಾಂಕಿನವರು, ಕಾರ್ಖಾನೆಯ ಕೆಲಸಗಾರರು, ಸಣ್ಣ ವ್ಯಾಪಾರಿಗಳು, ಕನ್ನಡ, ಉರ್ದು, ತಮಿಳು, ತೆಲುಗು ಮಾತಾಡುವವರು ಅಕ್ಕಪಕ್ಕದಲ್ಲೇ ಬಾಳಿದ ಜಾಗ. ಉತ್ತರ ಬೆಂಗಳೂರಿಗೆ ಜಪಾನಿನ ನಂಟು ಹೊಸದೇನಲ್ಲ. 1961ರಲ್ಲಿ ಎಚ್.ಎಂ.ಟಿ. ಕೈಗಡಿಯಾರದ ಕಾರ್ಖಾನೆ ಆರಂಭವಾದದ್ದು ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಲ್ಲಿ. ಅಪ್ಪಂದಿರ ಮಣಿಕಟ್ಟಿಗೆ ಜಪಾನಿನ ತಂತ್ರಜ್ಞಾನ ಬಂದು ಮೂವತ್ತು ವರ್ಷಗಳ ತರುವಾಯ ಮಕ್ಕಳ ಕೈಗೆ ಜಪಾನಿನ ಆಟ ಬಂದಿತು.

ಅದಕ್ಕೂ ಮುಂಚೆ ಮಕ್ಕಳ ಮನರಂಜನೆಗೆ ಇದ್ದದ್ದು ಬಾಡಿಗೆ ಪುಸ್ತಕದ ಅಂಗಡಿ. ‘ಚಂದಮಾಮ’, ‘ಬಾಲಮಿತ್ರ’, ಚಿತ್ರಕಥೆಗಳನ್ನು ದಿನಬಾಡಿಗೆಗೆ ತಂದು, ಒಬ್ಬರು ಓದಿದ ಮೇಲೆ ಬೀದಿಯ ಐದಾರು ಮಕ್ಕಳ ಕೈ ದಾಟಿಸಿ, ಸಂಜೆಯೊಳಗೆ ಹಿಂದಿರುಗಿಸುವ ಪದ್ಧತಿ. ಬೆಂಗಳೂರಿಗೆ ಈ ವಿಷಯದಲ್ಲಿ ಹೆಮ್ಮೆಪಡುವ ಒಂದು ಸಂಗತಿಯಿದೆ. ‘ಅಮರ ಚಿತ್ರ ಕಥೆ’ಯ ಇಂಗ್ಲಿಷ್ ಸರಣಿಯಲ್ಲಿ ‘ಕೃಷ್ಣ’ ಪುಸ್ತಕದ ಕ್ರಮಸಂಖ್ಯೆ 11. ಮೊದಲ ಹತ್ತು ಸಂಖ್ಯೆಗಳು ಬೆಂಗಳೂರಿನಲ್ಲಿ ಐ.ಬಿ.ಎಚ್. ಸಂಸ್ಥೆಯ ಜಿ.ಕೆ. ಅನಂತರಾಮ್ ಅವರು 1965ರಲ್ಲಿ ಕನ್ನಡದಲ್ಲಿ ಹೊರತಂದ ಚಿತ್ರಕಥೆಗಳಿಗೆ ಸಂದವು. ಚಿತ್ರಕಥೆಯ ಆ ದೊಡ್ಡ ಸಾಹಸ ಮೊದಲು ಮಾತಾಡಿದ್ದು ಕನ್ನಡವನ್ನು! ಈ ಮಾತನ್ನು ನೆನಪಿಟ್ಟುಕೊಳ್ಳಿ, ಕೊನೆಯಲ್ಲಿ ಬೇಕಾಗುತ್ತದೆ.

ಜಪಾನಿನ ಕ್ಯೋಟೋ ನಗರದ ನಿಂಟೆಂಡೊ ಕಂಪನಿ ಹುಟ್ಟಿದ್ದು 1889ರಲ್ಲಿ, ಇಸ್ಪೀಟಿನ ಎಲೆಗಳನ್ನು ತಯಾರಿಸಲು. ಅದೇ ಕಂಪನಿ 1983ರಲ್ಲಿ ‘ಫ್ಯಾಮಿಕಾಮ್’ ಎಂಬ ಟಿ.ವಿ. ಗೇಮಿನ ಪೆಟ್ಟಿಗೆಯನ್ನು ಹೊರತಂದಿತು. 1985ರ ಮಾರಿಯೋ ಆಟ ಅದರದೇ. ಆದರೆ ಆ ಕಂಪನಿಯ ಅಸಲಿ ಪೆಟ್ಟಿಗೆ ನಮ್ಮ ಮಧ್ಯಮವರ್ಗದ ಮನೆಗಳನ್ನು ಮುಟ್ಟಲಿಲ್ಲ. ಕಾರಣ ಸರಳ: ಸುಂಕ. ಇನ್ನೊಂದು ಜಪಾನಿ ಕಂಪನಿಯಾದ ಸೆಗಾ 1995ರಲ್ಲಿ ತನ್ನ ‘ಮೆಗಾ ಡ್ರೈವ್’ ಪೆಟ್ಟಿಗೆಯನ್ನು ಭಾರತದಲ್ಲಿ ಮಾರಿದಾಗ ಆಮದು ಸುಂಕ ನೂರಕ್ಕೆ 80ರಷ್ಟಿತ್ತು. ಅದನ್ನು ತಪ್ಪಿಸಲು ಶಾ ವ್ಯಾಲೇಸ್ ಕಂಪನಿಯ ಮೂಲಕ ಮಾರಾಟದ ವ್ಯವಸ್ಥೆಯಾಯಿತು. ಆದರೂ ಬೆಲೆ 18,000 ರೂಪಾಯಿ! ನನ್ನಂತಹ ಪ್ರೌಢಶಾಲೆಯ ಮೇಷ್ಟ್ರಿಗೆ ಅದು ಹಲವು ತಿಂಗಳ ಸಂಬಳ. ಆ ಹಣಕ್ಕೆ ಬಣ್ಣದ ಟಿ.ವಿ.ಯೇ ಬರುತ್ತಿತ್ತು, ಟಿ.ವಿ.ಗೆ ಸಿಕ್ಕಿಸುವ ಆಟಿಕೆಗೆ ಅಷ್ಟು ಕೊಡುವವರು ಯಾರು?

ಈ ಕಂದಕವನ್ನು ತುಂಬಿದ್ದು ಫ್ಯಾಮಿಕಾಮಿನ ನಕಲು ಪೆಟ್ಟಿಗೆಗಳು. ‘ಸಮುರಾಯ್’, ‘ಲಿಟಲ್ ಮಾಸ್ಟರ್’, ‘ಟರ್ಮಿನೇಟರ್’ ಎಂಬ ಹೆಸರುಗಳನ್ನು ಕೇಳಿದೊಡನೆ ಈಗ ನಲವತ್ತರ ಆಸುಪಾಸಿನಲ್ಲಿರುವವರ ಮುಖ ಅರಳುವುದನ್ನು ನಾನು ಕಂಡಿದ್ದೇನೆ. ಆಂಟೆನಾದ ತಂತಿ ಕಿತ್ತು ಪೆಟ್ಟಿಗೆಯ ತಂತಿ ಸಿಕ್ಕಿಸುವುದು, ಚಾನೆಲ್ ತಿರುಗಿಸಿ ಚಿತ್ರ ಹಿಡಿಯುವುದು, ಅಪ್ಪ ವಾರ್ತೆ ನೋಡಲು ಬರುವ ಮುನ್ನ ಎಲ್ಲವನ್ನೂ ಮೊದಲಿನಂತೆ ಜೋಡಿಸುವುದು – ಇದೆಲ್ಲ ಒಂದು ವಿದ್ಯೆಯೇ ಆಗಿತ್ತು. ಆಟದ ಬಿಲ್ಲೆಯನ್ನು ಮಕ್ಕಳು ‘ಕ್ಯಾಸೆಟ್ಟು’ ಎನ್ನುತ್ತಿದ್ದರು. ಹೊದಿಕೆಯ ಮೇಲೆ ‘9999 ಆಟಗಳು’ ಎಂದು ಅಚ್ಚಾಗಿದ್ದರೂ ಒಳಗಿರುತ್ತಿದ್ದದ್ದು ಹತ್ತಿಪ್ಪತ್ತು. ಉಳಿದವೆಲ್ಲ ಅದೇ ಆಟದ ಎರಡನೆಯ ಘಟ್ಟ, ಮೂರನೆಯ ಘಟ್ಟ. ಮಕ್ಕಳಿಗೆ ಇದು ಮೊದಲ ದಿನವೇ ತಿಳಿಯುತ್ತಿತ್ತು. ಜಾಹೀರಾತನ್ನು ನಂಬಬಾರದೆಂಬ ಪಾಠವನ್ನು ಪೌರನೀತಿಯ ಪುಸ್ತಕಕ್ಕಿಂತ ಚೆನ್ನಾಗಿ ಕಲಿಸಿದ್ದು ಆ ಕ್ಯಾಸೆಟ್ಟೇ ಇರಬೇಕು.

ಆಟ ನಿಂತುಹೋದರೆ ಕ್ಯಾಸೆಟ್ಟನ್ನು ಹೊರತೆಗೆದು ಬಾಯಿಂದ ಊದಿ ಮತ್ತೆ ಸಿಕ್ಕಿಸುವುದು ಲೋಕವ್ಯಾಪಿಯಾದ ಸಂಪ್ರದಾಯ. ವಾಸ್ತವವಾಗಿ ಗುಣವಾಗುತ್ತಿದ್ದದ್ದು ಊದಿದ್ದರಿಂದಲ್ಲ. ತೆಗೆದು ಮತ್ತೆ ಸಿಕ್ಕಿಸಿದಾಗ ಲೋಹದ ಪಟ್ಟಿಗಳು ಸರಿಯಾಗಿ ಕೂಡುತ್ತಿದ್ದವು. ಉಸಿರಿನ ತೇವದಿಂದ ಕಾಲಕ್ರಮೇಣ ಕಿಲುಬೇ ಹಿಡಿಯುತ್ತಿತ್ತು. ಇನ್ನು ‘ಕಾಂಟ್ರಾ’ ಆಟದಲ್ಲಿ ಮೂವತ್ತು ಪ್ರಾಣ ಪಡೆಯುವ ಗುಟ್ಟು. ಮೇಲೆ ಎರಡು, ಕೆಳಗೆ ಎರಡು, ಎಡ–ಬಲ, ಎಡ–ಬಲ, ಕೊನೆಗೆ ಎರಡು ಗುಂಡಿ. ಕೊನಾಮಿ ಕಂಪನಿಯ ಕಝುಹಿಸಾ ಹಾಶಿಮೊಟೊ ಎಂಬುವರು 1986ರಲ್ಲಿ ‘ಗ್ರಾಡಿಯಸ್’ ಎಂಬ ಆಟವನ್ನು ಪರೀಕ್ಷಿಸುವಾಗ, ಅದು ತಮಗೇ ಕಷ್ಟವಾಯಿತೆಂದು ಸೇರಿಸಿಕೊಂಡ ಉಪಾಯವದು. ಪತ್ರಿಕೆಯಿಲ್ಲದೆ, ಇಂಟರ್‌ನೆಟ್ ಇಲ್ಲದೆ ಅದು ಆರ್.ಟಿ. ನಗರದ ಅಡ್ಡರಸ್ತೆಗಳಿಗೆ ಬಾಯಿಂದ ಬಾಯಿಗೆ ಬಂದಿತು. ಗಾದೆ, ಒಗಟುಗಳು ಹರಡಿದ ದಾರಿಯೂ ಇದೇ ಅಲ್ಲವೇ?

ಪೆಟ್ಟಿಗೆ ಒಂದು ಮನೆಯದು, ಕ್ಯಾಸೆಟ್ಟು ಇನ್ನೊಂದು ಮನೆಯದು, ಆಡುವವರು ಇಡೀ ಬೀದಿಯವರು. ಒಂದು ‘ಪ್ರಾಣ’ ಹೋದರೆ ರಿಮೋಟನ್ನು ಮುಂದಿನವನಿಗೆ ಕೊಡಬೇಕೆಂಬುದು ಅಲಿಖಿತ ಕಾನೂನು. ಬೇಸಿಗೆ ರಜೆಯಲ್ಲಿ ಕ್ಯಾಸೆಟ್ಟು ಬದಲಾಯಿಸಿಕೊಳ್ಳುವುದಕ್ಕೆ ನೋಟ್‌ಬುಕ್ಕಿನ ಕೊನೆಯ ಹಾಳೆಯಲ್ಲಿ ಲೆಕ್ಕವಿರುತ್ತಿತ್ತು. ಅಂತಹ ಒಂದು ಲೆಕ್ಕವನ್ನು ಒಂಬತ್ತನೆಯ ತರಗತಿಯ ಸಮಾಜ ವಿಜ್ಞಾನದ ನೋಟ್‌ಬುಕ್ಕಿನಲ್ಲಿ ನಾನೇ ನೋಡಿದ್ದೇನೆ: ಯಾರು, ಯಾವ ಕ್ಯಾಸೆಟ್ಟು, ಕೊಟ್ಟ ದಿನ, ಹಿಂದಿರುಗಿಸುವ ದಿನ. ಅದೇ ಪುಸ್ತಕದೊಳಗಿನ ದೆಹಲಿ ಸುಲ್ತಾನರ ಇಸವಿಗಳಿಗಿಂತ ಅಚ್ಚುಕಟ್ಟಾಗಿತ್ತು. ಕೊಳ್ಳುವ ಶಕ್ತಿ ಎಲ್ಲರಿಗೂ ಇದ್ದಿದ್ದರೆ ಆ ಲೆಕ್ಕದ ಅಗತ್ಯವೇ ಬೀಳುತ್ತಿರಲಿಲ್ಲ.

‘ಹಾಸಿಗೆ ಇದ್ದಷ್ಟು ಕಾಲು ಚಾಚು’ ಎಂಬ ಗಾದೆ ಕೇವಲ ನೋಡುವವರಿಗೆ, ಆಡುವವರಿಗೆ ಅನ್ವಯಿಸಿದ್ದಲ್ಲ. ಜಪಾನಿನಲ್ಲಿ ಈ ಕಲೆಗಳನ್ನು ಹುಟ್ಟಿಸಿದವರೂ ಮಿತವ್ಯಯದವರೇ. ಒಸಾಮು ತೆಝುಕಾ ಅವರ ‘ಆಸ್ಟ್ರೋ ಬಾಯ್’ 1963ರ ಜನವರಿ 1ರಂದು ಅಲ್ಲಿನ ಟಿ.ವಿ.ಯಲ್ಲಿ ಆರಂಭವಾಯಿತು. ಪ್ರತಿವಾರ ಒಂದು ಕಂತು ಕೊಡಬೇಕು. ಕೈಗೆ ಬರುವ ಹಣ ಅತ್ಯಲ್ಪ. ಡಿಸ್ನಿಯವರಂತೆ ಸೆಕೆಂಡಿಗೆ ಹನ್ನೆರಡರಿಂದ ಇಪ್ಪತ್ತನಾಲ್ಕು ಚಿತ್ರ ಬರೆಸಲು ಸಾಧ್ಯವಿರಲಿಲ್ಲ. ಎಂಟೇ ಚಿತ್ರಗಳಲ್ಲಿ ನಿಭಾಯಿಸುವುದು, ದೇಹವನ್ನು ಸ್ತಬ್ಧವಾಗಿರಿಸಿ ತುಟಿಯನ್ನಷ್ಟೇ ಅಲುಗಿಸುವುದು, ಒಮ್ಮೆ ಬರೆದ ಚಿತ್ರವನ್ನು ಜೋಪಾನವಾಗಿ ಇಟ್ಟು ಮತ್ತೆ ಬಳಸುವುದು ಅವರ ಉಪಾಯಗಳಾದವು. ಇಂದು ‘ಅನಿಮೆ’ಯ ಶೈಲಿಯೆಂದು ಜಗತ್ತು ಮೆಚ್ಚುವ ಎಷ್ಟೋ ಲಕ್ಷಣಗಳು ಈ ಬಡತನದ ಕೂಸುಗಳು. ನಿಂಟೆಂಡೊದ ಗುನ್‌ಪೇ ಯೊಕೊಯಿ ಅವರದೂ ಇದೇ ಮಾರ್ಗ. ಹಳತಾಗಿ ಅಗ್ಗವಾದ ತಂತ್ರಜ್ಞಾನವನ್ನು ಹೊಸ ಬಗೆಯಲ್ಲಿ ಬಳಸಬೇಕೆಂಬುದು ಅವರ ಸೂತ್ರ. 1989ರ ‘ಗೇಮ್ ಬಾಯ್’ ಬಣ್ಣವಿಲ್ಲದ ಪರದೆಯದು, ನಾಲ್ಕು ಪೆನ್ಸಿಲ್ ಸೆಲ್ಲುಗಳಲ್ಲಿ ನಡೆಯುವಂಥದು. ಬಣ್ಣದ ಪರದೆಯ ಪ್ರತಿಸ್ಪರ್ಧಿಗಳನ್ನು ಅದು ಸೋಲಿಸಿ, ನಂತರದ ಬಣ್ಣದ ಆವೃತ್ತಿಯೂ ಸೇರಿ 11 ಕೋಟಿಗೂ ಮಿಕ್ಕಿ ಮಾರಾಟವಾಯಿತು. ನಮ್ಮಲ್ಲಿ ಅದರ ಬಡ ತಮ್ಮನಾಗಿ ಬಂದದ್ದು ‘ಬ್ರಿಕ್ ಗೇಮ್’. ರಷ್ಯಾದ ಅಲೆಕ್ಸಿ ಪಜಿತ್ನೋವ್ 1984ರಲ್ಲಿ ರೂಪಿಸಿದ ‘ಟೆಟ್ರಿಸ್’ ಆಟದ ಆ ನಕಲು, ಬಸ್ಸಿನ ಸೀಟಿನಲ್ಲಿ, ತರಗತಿಯ ಕೊನೆಯ ಬೆಂಚಿನಲ್ಲಿ ಸದ್ದಿಲ್ಲದೆ ನಡೆಯುತ್ತಿತ್ತು.

ಇನ್ನು ಜಪಾನಿ ಕಾರ್ಟೂನುಗಳ ವಿಚಾರ. ಬೆಂಗಳೂರು ದೂರದರ್ಶನ ಆರಂಭವಾದದ್ದು 1981ರ ನವೆಂಬರ್ 1ರಂದು. 1993ರಲ್ಲಿ ದೂರದರ್ಶನವು ‘ಜಂಗಲ್ ಬುಕ್’ ಸರಣಿಯನ್ನು ಹಿಂದಿಯಲ್ಲಿ ಪ್ರಸಾರ ಮಾಡಿದಾಗ ಭಾನುವಾರದ ಬೀದಿಗಳು ಬರಿದಾಗುತ್ತಿದ್ದವು. ಗುಲ್ಜಾರ್ ಅವರ ಶೀರ್ಷಿಕೆ ಗೀತೆ, ವಿಶಾಲ್ ಭಾರದ್ವಾಜ್ ಅವರ ಸಂಗೀತ, ಶೇರ್ ಖಾನನಿಗೆ ನಾನಾ ಪಾಟೇಕರ್ ಅವರ ಧ್ವನಿ. ಆದರೆ ಚಿತ್ರ ಬರೆದದ್ದು ಜಪಾನಿನ ನಿಪ್ಪಾನ್ ಅನಿಮೇಶನ್ ಸಂಸ್ಥೆ, 1989ರಲ್ಲಿ. ಒಟ್ಟು 52 ಕಂತುಗಳು. ಮೋಗ್ಲಿ ನಮ್ಮ ಕಾಡಿನ ಹುಡುಗನೆಂದೇ ಮಕ್ಕಳು ತಿಳಿದಿದ್ದರು. ‘ಅನಿಮೆ’ ಎಂಬ ಪದವನ್ನು ಯಾರೂ ಕೇಳಿರಲಿಲ್ಲ. ಅದೇ ವರ್ಷ ಜನವರಿಯಲ್ಲಿ ದೆಹಲಿಯ ಅಂತರರಾಷ್ಟ್ರೀಯ ಚಲನಚಿತ್ರೋತ್ಸವದಲ್ಲಿ ಯುಗೋ ಸಾಕೋ ಅವರ ರಾಮಾಯಣ ಚಿತ್ರ ತೆರೆಕಂಡಿತು. ಬಿ.ಬಿ. ಲಾಲ್ ಅವರ ಉತ್ಖನನದ ಬಗ್ಗೆ ಸಾಕ್ಷ್ಯಚಿತ್ರ ಮಾಡಲು 1983ರಲ್ಲಿ ಭಾರತಕ್ಕೆ ಬಂದ ಈ ಜಪಾನಿ ಗೃಹಸ್ಥರು ರಾಮಕಥೆಗೆ ಮಾರುಹೋಗಿ, ನಮ್ಮ ರಾಮಮೋಹನ್ ಅವರ ಸಹಯೋಗದಲ್ಲಿ ಅದನ್ನು ನಿರ್ಮಿಸಿದರು. ನಮ್ಮ ಮಕ್ಕಳು ಅದನ್ನು ಕಂಡದ್ದು ಚಿತ್ರಮಂದಿರದಲ್ಲಲ್ಲ, ಎಷ್ಟೋ ವರ್ಷಗಳ ನಂತರ ಕೇಬಲ್ ಟಿ.ವಿ.ಯಲ್ಲಿ.

ಕೇಬಲ್ ಎಂದೆನಲ್ಲ, ಅದೂ ಹಂಚಿಕೊಂಡು ನೋಡುವ ವ್ಯವಸ್ಥೆಯೇ ಆಗಿತ್ತು. 1995ರಲ್ಲಿ ಕಾರ್ಟೂನ್ ನೆಟ್‌ವರ್ಕ್ ಬಂದಿತು. 2003ರ ಹೊತ್ತಿಗೆ ‘ಪೋಕೆಮಾನ್’, ಅನಂತರ ‘ಬೇಬ್ಲೇಡ್’. 2004ರಲ್ಲಿ ಅನಿಮೆಗೇ ಮೀಸಲಾದ ‘ಅನಿಮ್ಯಾಕ್ಸ್’ ಬಂದು 2017ರಲ್ಲಿ ಟಿ.ವಿ.ಯಿಂದ ನಿರ್ಗಮಿಸಿತು. ಪೋಕೆಮಾನಿನ ಅಸಲಿ ಆಟಿಕೆಗಳು ದುಬಾರಿ. ಆದರೆ ಕುರುಕಲು ತಿಂಡಿಯ ಪೊಟ್ಟಣದೊಳಗೆ ‘ಟ್ಯಾಜೊ’ ಎಂಬ ಬಿಲ್ಲೆ ಪುಕ್ಕಟೆ ಸಿಗುತ್ತಿತ್ತು! ಶಾಲೆಯ ಮುಂದಿನ ಅಂಗಡಿಯಲ್ಲಿ ಪೊಟ್ಟಣವನ್ನು ಹಿಸುಕಿ ಒಳಗಿನ ಬಿಲ್ಲೆಯನ್ನು ಊಹಿಸುವ ಪಂಡಿತರಿದ್ದರು. ಬೇಬ್ಲೇಡಂತೂ ಜಪಾನಿನ ‘ಬೇಗೋಮಾ’ ಎಂಬ ಬುಗುರಿಯ ಹೊಸ ಅವತಾರ. ಅಜ್ಜನ ಬುಗುರಿಗೂ ಮೊಮ್ಮಗನ ಬೇಬ್ಲೇಡಿಗೂ ಭೌತಶಾಸ್ತ್ರ ಒಂದೇ ಎಂದು ವಿಜ್ಞಾನದ ಮೇಷ್ಟ್ರುಗಳು ಉದಾಹರಣೆ ಕೊಡಲು ಅನುಕೂಲವಾಯಿತು.

2000ದ ಸುಮಾರಿಗೆ ಆಟವು ಮನೆಯಿಂದ ಅಂಗಡಿಗೆ ಸ್ಥಳಾಂತರಗೊಂಡಿತು. ಸೈಬರ್ ಕೆಫೆಗಳಲ್ಲಿ ಗಂಟೆಗೆ ಇಷ್ಟು ರೂಪಾಯಿ ಎಂದು ಬಾಡಿಗೆ. ‘ಕೌಂಟರ್ ಸ್ಟ್ರೈಕ್’, ‘ಏಜ್ ಆಫ್ ಎಂಪೈರ್ಸ್’ ಆಡಲು ಐದಾರು ಹುಡುಗರು ಬಸ್ಸಿನ ಹಣ ಉಳಿಸಿ, ಮೇಖ್ರಿ ವೃತ್ತದಿಂದ ನಡೆದು ಬಂದು, ಕೂಡಿಸಿದ ಚಿಲ್ಲರೆಯಲ್ಲಿ ಒಂದು ಗಂಟೆ ಕೊಳ್ಳುತ್ತಿದ್ದರು. ಬಿ.ಎಸ್.ಎನ್.ಎಲ್. ಸಂಸ್ಥೆಯ ‘ಡೇಟಾ ಒನ್’ ಬ್ರಾಡ್‌ಬ್ಯಾಂಡ್ 2005ರಲ್ಲಿ ಆರಂಭವಾದ ಮೇಲೆ ಮತ್ತೊಂದು ಶಿಸ್ತು ಹುಟ್ಟಿತು. ತಿಂಗಳಿಗೆ 500 ರೂಪಾಯಿಯ ಯೋಜನೆಯಲ್ಲಿ ಹಗಲಿನ ಬಳಕೆಗೆ ಮಿತಿ. ನಸುಕಿನ 2 ಗಂಟೆಯಿಂದ ಬೆಳಗಿನ 8ರವರೆಗೆ ಲೆಕ್ಕವಿಲ್ಲ. ಹೀಗಾಗಿ ಎಷ್ಟೋ ಮನೆಗಳಲ್ಲಿ ಹುಡುಗರು ಎರಡು ಗಂಟೆಗೆ ಅಲಾರಂ ಇಟ್ಟು ಎದ್ದು, ‘ನರುಟೊ’ ಸರಣಿಯನ್ನು ಇಳಿಸಲು ಹಚ್ಚಿ, ಮತ್ತೆ ಮಲಗುತ್ತಿದ್ದರು. ಪರೀಕ್ಷೆಗೆ ಏಳದವರು ಇದಕ್ಕೆ ಎದ್ದರೆಂದು ತಾಯಂದಿರು ನನ್ನ ಬಳಿ ದೂರಿದ್ದುಂಟು. ಆ ಕಂತುಗಳಿಗೆ ಇಂಗ್ಲಿಷ್ ಅಡಿಬರಹ ಬರೆಯುತ್ತಿದ್ದವರು ದೇಶವಿದೇಶಗಳ ಅಭಿಮಾನಿಗಳು, ಸಂಬಳವಿಲ್ಲದೆ. ಪರದೆಯ ಮೇಲೆ ಓಡುವ ಆ ಸಾಲುಗಳನ್ನು ಓದಿ ಓದಿಯೇ ಇಂಗ್ಲಿಷ್ ಸುಧಾರಿಸಿಕೊಂಡ ಕನ್ನಡ ಮಾಧ್ಯಮದ ಮಕ್ಕಳು ನನ್ನ ತರಗತಿಯಲ್ಲೇ ಇದ್ದರು.

ಇಲ್ಲಿ ಒಂದು ಕಹಿ ಪ್ರಶ್ನೆಯನ್ನು ಎದುರಿಸಬೇಕು. ಇವುಗಳಲ್ಲಿ ಬಹುಪಾಲು ನಕಲು. ಗಾಂಧಿನಗರದ ನ್ಯಾಷನಲ್ ಮಾರ್ಕೆಟ್ಟಿನಲ್ಲಿ ಕೊಂಡ ಸಿ.ಡಿ.ಗೂ ರಾತ್ರಿ ಇಳಿಸಿದ ಕಂತಿಗೂ ನಿರ್ಮಿಸಿದವರಿಗೆ ಒಂದು ಪೈಸೆ ಸಂದಿಲ್ಲ. 1957ರ ಕೃತಿಸ್ವಾಮ್ಯ ಕಾಯಿದೆ ಇದನ್ನು ಒಪ್ಪುವುದಿಲ್ಲ, ನಾನೂ ಒಪ್ಪುವುದಿಲ್ಲ. ಆದರೆ ಇತಿಹಾಸದ ವಿದ್ಯಾರ್ಥಿಯು ತೀರ್ಪಿಗಿಂತ ಮುಂಚೆ ಕಾರಣವನ್ನು ಕೇಳಬೇಕು. 2007ರಲ್ಲಿ ಸೋನಿಯ ‘ಪ್ಲೇಸ್ಟೇಶನ್ 3’ ಇಲ್ಲಿಗೆ ಬಂದಾಗ ಅದರ ಬೆಲೆ 39,990 ರೂಪಾಯಿ. ಅನಿಮೆಯ ಅಸಲಿ ಡಿ.ವಿ.ಡಿ. ನಮ್ಮ ಅಂಗಡಿಗಳಲ್ಲಿ ದುರ್ಲಭ. ಪ್ರಾಮಾಣಿಕನಾಗಿರಬೇಕೆಂದರೆ ಶ್ರೀಮಂತನಾಗಿರಬೇಕು ಎಂಬ ಸ್ಥಿತಿ ಇತ್ತು. ಬೆಲೆ ಇಳಿದ ಮೇಲೆ ನಡೆದದ್ದನ್ನು ನೋಡಿ. 2015ರಲ್ಲಿ ‘ಸ್ಟೀಮ್’ ಎಂಬ ಮಳಿಗೆ ರೂಪಾಯಿಯಲ್ಲಿ ಆಟಗಳನ್ನು ಮಾರತೊಡಗಿತು. 2016ರಲ್ಲಿ ಜಿಯೋ ಬಂದು ಡೇಟಾ ಅಗ್ಗವಾಯಿತು. 2022ರಲ್ಲಿ ‘ಕ್ರಂಚಿರೋಲ್’ ತನ್ನ ಚಂದಾವನ್ನು ತಿಂಗಳಿಗೆ 79 ರೂಪಾಯಿಗೆ ಇಳಿಸಿತು. ಅಂದು ಅಲಾರಂ ಇಟ್ಟು ಎದ್ದವರೇ ಇಂದು ಚಂದಾ ಕಟ್ಟಿ ನೋಡುತ್ತಿದ್ದಾರೆ. 2019ರಲ್ಲಿ ಮಕೋಟೊ ಶಿಂಕಾಯ್ ಅವರ ‘ವೆದರಿಂಗ್ ವಿತ್ ಯು’ ಚಿತ್ರ ನಮ್ಮ ಚಿತ್ರಮಂದಿರಗಳಿಗೆ ಬಂದದ್ದು, ಟಿಕೆಟ್ಟು ಕೊಂಡು ನೋಡುತ್ತೇವೆ, ದಯವಿಟ್ಟು ಬಿಡುಗಡೆ ಮಾಡಿ ಎಂದು ಸಾವಿರಾರು ಭಾರತೀಯ ಅಭಿಮಾನಿಗಳು ಮನವಿಗೆ ಸಹಿ ಹಾಕಿದ ಮೇಲೆ. ಕಳ್ಳರ ಗುಂಪು ಹಾಗೆ ಬೇಡಿಕೊಳ್ಳುವುದಿಲ್ಲ.

ಮತ್ತೊಂದು ವಿಶೇಷವನ್ನೂ ಹೇಳಬೇಕು. ಮಕ್ಕಳು ನಕಲು ಪೆಟ್ಟಿಗೆಯಲ್ಲಿ ಆಡುತ್ತಿದ್ದ ಕಾಲದಲ್ಲಿಯೇ, 1997ರಲ್ಲಿ, ಇದೇ ಊರಿನಲ್ಲಿ ರಾಜೇಶ್ ರಾವ್ ಅವರು ‘ಧ್ರುವ ಇಂಟರಾಕ್ಟಿವ್’ ಎಂಬ ಆಟ ತಯಾರಿಕೆಯ ಸಂಸ್ಥೆಯನ್ನು ಕಟ್ಟಿದರು. ಭಾರತದಲ್ಲಿ ಈ ಉದ್ಯಮದ ಮೊದಲ ಹೆಜ್ಜೆಗಳಲ್ಲಿ ಅದೊಂದು. ವಿದೇಶದ ದೊಡ್ಡ ಆಟಗಳಿಗೆ ಬೇಕಾದ ಕಾರುಗಳು, ಕಟ್ಟಡಗಳು ಬೆಂಗಳೂರಿನ ಕಲಾವಿದರ ಕೈಯಲ್ಲಿ ರೂಪುಗೊಂಡವು. 2019ರಲ್ಲಿ ಪ್ರಸಿದ್ಧವಾದ ರಾಕ್‌ಸ್ಟಾರ್ ಗೇಮ್ಸ್ ಅದನ್ನು ಕೊಂಡುಕೊಂಡಿತು. ಯಾವ ಊರಿನ ಮಕ್ಕಳಿಗೆ ಅಸಲಿ ಆಟ ಕೊಳ್ಳಲು ಹಣವಿರಲಿಲ್ಲವೋ ಅದೇ ಊರು ಜಗತ್ತಿಗೆ ಆಟಗಳನ್ನು ಮಾಡಿಕೊಟ್ಟಿತು.

ಹೀಗೆ ಹಣದ ಅಡ್ಡಿ ಬಹುಮಟ್ಟಿಗೆ ನಿವಾರಣೆಯಾಯಿತು. ಭಾಷೆಯ ಅಡ್ಡಿ? ಮೋಗ್ಲಿ ಹಿಂದಿಯಲ್ಲಿ, ಅನಿಮ್ಯಾಕ್ಸ್ ಇಂಗ್ಲಿಷಿನಲ್ಲಿ. 1960ರ ದಶಕದಿಂದ ಕನ್ನಡ ಚಿತ್ರೋದ್ಯಮವು ಡಬ್ಬಿಂಗ್ ಅನ್ನು ವಿರೋಧಿಸುತ್ತ ಬಂದಿತು. ಅಂದಿನ ಕಾಲಕ್ಕೆ ಆ ಹೋರಾಟಕ್ಕೆ ಕಾರಣವಿತ್ತು. ಪರಭಾಷಾ ಚಿತ್ರಗಳ ನೆರಳಿನಲ್ಲಿ ನಮ್ಮ ಕಲಾವಿದರು ಬದುಕಬೇಕಾಗಿತ್ತು. ಆದರೆ ಅದರ ಬಿಸಿ ತಟ್ಟಿದ್ದು ಮಕ್ಕಳಿಗೂ. 2009ರಲ್ಲಿ ‘ಚಿಂಟು ಟಿ.ವಿ.’ ಬಂದಾಗ ಕಾರ್ಟೂನುಗಳು ಕನ್ನಡದಲ್ಲಿ ಮಾತಾಡತೊಡಗಿದವು. 2015ರಲ್ಲಿ ಭಾರತೀಯ ಸ್ಪರ್ಧಾ ಆಯೋಗವು ಡಬ್ಬಿಂಗ್ ತಡೆಯುವುದು ಸಲ್ಲದೆಂದು ಆದೇಶ ನೀಡಿತು. ಈಗ ತಡೆಯಿಲ್ಲ. ಆದರೂ 2025ರ ಜನವರಿಯಲ್ಲಿ ಯುಗೋ ಸಾಕೋ ಅವರ ರಾಮಾಯಣ ಹೊಸ ಮೆರುಗಿನೊಂದಿಗೆ ಚಿತ್ರಮಂದಿರಗಳಿಗೆ ಬಂದಾಗ ಇದ್ದದ್ದು ಹಿಂದಿ, ತಮಿಳು, ತೆಲುಗು, ಇಂಗ್ಲಿಷ್. ಅದೇ ವರ್ಷದ ಸೆಪ್ಟೆಂಬರಿನಲ್ಲಿ ‘ಡೀಮನ್ ಸ್ಲೇಯರ್’ ಚಿತ್ರಕ್ಕೆ ಜನ ಮುಗಿಬಿದ್ದಾಗಲೂ ಭಾರತೀಯ ಭಾಷೆಗಳೆಂದರೆ ಹಿಂದಿ, ತಮಿಳು, ತೆಲುಗು. ಪಂಪ, ಕುಮಾರವ್ಯಾಸರ ನಾಡಿನಲ್ಲಿ, ರಾಮನ ಕಥೆಯನ್ನು ಜಪಾನಿನವರು ಚಿತ್ರಿಸಿ ಕೊಟ್ಟರೂ, ನಮ್ಮ ಮೊಮ್ಮಕ್ಕಳು ಅದನ್ನು ಅನ್ಯಭಾಷೆಯಲ್ಲಿ ಕೇಳಬೇಕಾಯಿತು. 1965ರಲ್ಲಿ ಚಿತ್ರಕಥೆಯ ಸರಣಿಗೆ ಮೊದಲ ಮಾತು ಕಲಿಸಿದ ಊರು ಇದೇ ಎಂಬುದನ್ನು ನೆನೆದರೆ ಮನಸ್ಸು ಭಾರವಾಗುತ್ತದೆ. ಮಾರುವವರು ಲೆಕ್ಕ ನೋಡುತ್ತಾರೆ. ಕೇಳುವವರಿಲ್ಲದ ಕಡೆ ಕೊಡುವುದಿಲ್ಲ. 2019ರಲ್ಲಿ ಒಂದು ಚಿತ್ರಕ್ಕಾಗಿ ಸಹಿ ಹಾಕಿದ ಕೈಗಳಲ್ಲಿ ಕನ್ನಡದ ಕೈಗಳೂ ಇದ್ದೇ ಇರುತ್ತವೆ. ಕನ್ನಡದ ಧ್ವನಿಗಾಗಿಯೂ ಅವು ಹಾಗೆಯೇ ಕೇಳಬೇಕಾಗಿದೆ.

ಇಂದಿನ ಮಕ್ಕಳ ಮೊಬೈಲಿನಲ್ಲಿ ಆಟಗಳು ಪುಕ್ಕಟೆ ಸಿಗುತ್ತವೆ. ‘ಪುಕ್ಕಟೆ ಸಿಕ್ಕಿದರೆ ನನಗೊಂದಿರಲಿ, ನಮ್ಮಪ್ಪನಿಗೊಂದಿರಲಿ’ ಎಂಬಂತೆ ತುಂಬಿಸಿಕೊಳ್ಳುತ್ತಾರೆ. ಒಳಗೆ ಹೋದಮೇಲೆ ವೇಷಕ್ಕೆ, ಆಯುಧಕ್ಕೆ ಹಣ ಕೇಳುವ ಆ ಪುಕ್ಕಟೆಗಿಂತ, ಮೊದಲೇ ಬೆಲೆ ಹೇಳುತ್ತಿದ್ದ ಬಾಡಿಗೆಯ ಗಂಟೆ ಹೆಚ್ಚು ಪ್ರಾಮಾಣಿಕವಾಗಿತ್ತೆಂದು ನನ್ನ ಅನಿಸಿಕೆ. ಹಣ ಪಣವಿಟ್ಟು ಆಡುವ ಆಟಗಳನ್ನು ಕೇಂದ್ರ ಸರ್ಕಾರ 2025ರ ಕಾಯಿದೆಯಿಂದ ನಿಷೇಧಿಸಿದ್ದು ಸರಿಯೇ. ತಂದೆತಾಯಿಯರಾದ ನೀವು ಮಕ್ಕಳ ಕೈಯಿಂದ ಆಟವನ್ನು ಕಿತ್ತುಕೊಳ್ಳಬೇಕಾಗಿಲ್ಲ. ನಿಮ್ಮ ಕಾಲದ ಆ ಒಂದು ನಿಯಮವನ್ನು ಕಲಿಸಿದರೆ ಸಾಕು: ಒಂದು ಪ್ರಾಣ ಹೋದರೆ ರಿಮೋಟು ಮುಂದಿನವನಿಗೆ.

ನಿಮ್ಮಲ್ಲಿ ಯಾರ ಮನೆಯ ಅಟ್ಟದ ಮೇಲಾದರೂ ಹಳದಿ ಬಣ್ಣದ ಕ್ಯಾಸೆಟ್ಟೋ ಟ್ಯಾಜೊ ಬಿಲ್ಲೆಯ ಡಬ್ಬಿಯೋ ಉಳಿದಿದ್ದರೆ ಗುಜರಿಗೆ ಹಾಕಬೇಡಿ. ಅದರ ಬೆಲೆ ಎಷ್ಟಿತ್ತು, ಯಾರಿಂದ ಎರವಲು ತಂದದ್ದು, ಹಿಂದಿರುಗಿಸಿದಿರೋ ಇಲ್ಲವೋ ಎಂಬುದನ್ನು ಒಂದು ಹಾಳೆಯಲ್ಲಿ ಬರೆದು ಜೊತೆಗಿಡಿ. ಮುಂದೆ ನಮ್ಮ ಬಡಾವಣೆಯ ಚರಿತ್ರೆ ಬರೆಯುವವರಿಗೆ ಅದು ಶಾಸನದಷ್ಟೇ ಉಪಯುಕ್ತವಾದೀತು.